ಗೋಡೆ ಯಾರದ್ದು, ಚಿತ್ರ ಯಾರದ್ದು?

ವಿಮಾನಪುರದಲ್ಲಿ ಗೋಡೆ ಯಾರದ್ದು ಎಂದು ಯಾರೂ ಕೇಳುವುದಿಲ್ಲ. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆಯಿಂದಲೇ ಈ ಊರಿಗೆ ಹೆಸರು ಬಂದದ್ದು. ರಸ್ತೆ ಪಕ್ಕದ ಕಾಂಪೌಂಡು ಎಚ್‌ಎಎಲ್‌ನದ್ದು, ಅಲ್ಲಿಗೆ ಮಾತು ಮುಗಿಯಿತು. ಆದರೆ ಇಲ್ಲಿಂದ ಬಸ್ಸು ಹತ್ತಿ ಹಲಸೂರು ದಾಟಿ ಕೆ.ಆರ್. ಮಾರುಕಟ್ಟೆ ಕಡೆಗೆ ಹೋಗುವಾಗ ಫ್ಲೈಓವರ್ ಕಂಬ, ಅಂಡರ್‌ಪಾಸ್, ಸರ್ಕಾರಿ ಶಾಲೆಯ ಗೋಡೆಗಳು ಸಿಗುತ್ತವೆ. ಇವೆಲ್ಲ ಸಾರ್ವಜನಿಕರದ್ದು ಎನ್ನುತ್ತೇವೆ. ಹಾಗಿದ್ದರೆ ಅವುಗಳ ಮೇಲೆ ಯಾವ ಚಿತ್ರ ಇರಬೇಕು ಎಂದು ತೀರ್ಮಾನಿಸುವವರು ಯಾರು?

ಕಾನೂನಿನ ಉತ್ತರ ಸರಳ. 1981ರಲ್ಲೇ ರಾಜ್ಯ ಸರ್ಕಾರ ತೆರೆದ ಸ್ಥಳಗಳ ವಿರೂಪ ತಡೆಯುವ ಕಾಯ್ದೆ ತಂದಿದೆ. ಅನುಮತಿ ಇಲ್ಲದೆ ಪೋಸ್ಟರ್ ಅಂಟಿಸಿದರೆ, ಗೋಡೆ ಬರಹ ಬರೆದರೆ ಅದು ಅಪರಾಧ. 2009ರ ಸುಮಾರಿಗೆ ಬಿಬಿಎಂಪಿ ಇನ್ನೊಂದು ದಾರಿ ಹಿಡಿಯಿತು. ಪೋಸ್ಟರ್ ಅಂಟಿಸಲು ಜಾಗವೇ ಇಲ್ಲದಂತೆ ಗೋಡೆಗಳಿಗೆ ಚಿತ್ರ ಬರೆಸಿತು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಮತ್ತು ಬೋರ್ಡ್ ಕಲಾವಿದರಿಗೆ ಇದರಿಂದ ಕೂಲಿ ಸಿಕ್ಕಿತು. ಅದು ಸಣ್ಣ ಮಾತಲ್ಲ. ಆದರೆ ಗೋಡೆ ತುಂಬ ಬಂದದ್ದು ದೇವಸ್ಥಾನ, ಅರಮನೆ, ಜಲಪಾತ, ಕಾಡುಪ್ರಾಣಿಗಳು. ಅದೇ ಗೋಡೆಯ ಕೆಳಗೆ ಹೂವು ಮಾರುವವರಾಗಲಿ, ಕಸ ಗುಡಿಸುವವರಾಗಲಿ ಆ ಚಿತ್ರಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟವಿತ್ತು.

ಜನರನ್ನು ನೋಡುಗರ ಸಾಲಿನಿಂದ ಎಬ್ಬಿಸಿ ಕಲೆಯೊಳಗೆ ಕರೆತರುವ ಯೋಚನೆ ಹೊಸದಲ್ಲ. 1972ರಲ್ಲಿ ಜರ್ಮನಿಯ ಕಾಸೆಲ್ ಊರಿನ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಜೋಸೆಫ್ ಬಾಯ್ಸ್ ಎಂಬ ಕಲಾವಿದ ಚಿತ್ರ ತೂಗುಹಾಕುವ ಬದಲು ಒಂದು ಕಚೇರಿ ತೆರೆದು ಕೂತ. 100 ದಿನ, ಬಂದವರ ಜೊತೆ ನೇರ ಪ್ರಜಾಪ್ರಭುತ್ವದ ಬಗ್ಗೆ ಚರ್ಚೆ. ಅದೇ ಅವನ ಕಲಾಕೃತಿ. ಆದರೂ ಮೇಜು ಬಾಯ್ಸ್‌ನದ್ದೇ ಆಗಿತ್ತು, ಬಂದವರು ಅತಿಥಿಗಳಾಗಿದ್ದರು.

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಬೇರೆ ರೀತಿಯ ಉತ್ತರ ಬಂದದ್ದು 2016ರಲ್ಲಿ, ಕಲಾವಿದೆ ಪೂರ್ಣಿಮಾ ಸುಕುಮಾರ್ ಶುರುಮಾಡಿದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಿಂದ. ಟ್ರಾನ್ಸ್ ಮಹಿಳೆಯರು ಮತ್ತು ಇತರ ಮಹಿಳೆಯರು ಸೇರಿ ಬೀದಿ ಗೋಡೆಗಳಿಗೆ ಬಣ್ಣ ಹಚ್ಚುವ ತಂಡ ಇದು. ಕೆ.ಆರ್. ಮಾರುಕಟ್ಟೆ ಪ್ರದೇಶದ ಗೋಡೆಯೊಂದರಲ್ಲಿ ದೊಡ್ಡ ಮುಖಗಳ ಜೊತೆ ಅವರು ಬರೆದದ್ದು ಎರಡೇ ಪದ: ನಾವು ಇದ್ದೇವೆ.

ಈ ಎರಡು ಪದಗಳ ತೂಕ ಗೊತ್ತಾಗಬೇಕಾದರೆ ಅದಕ್ಕೂ ಹಿಂದಿನ ಐದು ವರ್ಷ ನೋಡಬೇಕು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಸೆಕ್ಷನ್ ಸೇರಿತು. ಅನುಮಾನ ಬಂದ ಟ್ರಾನ್ಸ್‌ಜೆಂಡರ್ ಜನರ ಹೆಸರು, ವಿಳಾಸಗಳ ಪಟ್ಟಿ ಇಡಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿದ್ದ ರಿಜಿಸ್ಟರಿನ ನೆರಳು ಇದು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ, ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕು ಇವರಿಗಿದೆ ಎಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು 167 ಟ್ರಾನ್ಸ್‌ಜೆಂಡರ್ ಜನರನ್ನು ಬೀದಿಗಳಿಂದ ಹಿಡಿದು ಭಿಕ್ಷುಕರ ಕಾಲೊನಿಗೆ ತುಂಬಿದರು. ತೀರ್ಪು ಬಂದು ಎಂಟು ತಿಂಗಳೂ ಆಗಿರಲಿಲ್ಲ.

ಹೀಗೆ, ರಸ್ತೆಯಲ್ಲಿ ನಿಂತದ್ದೇ ತಪ್ಪಾಗಿದ್ದ ಜನ ಅದೇ ನಗರದ ರಸ್ತೆಯಲ್ಲಿ ಏಣಿ ಹಾಕಿ, ಬ್ರಷ್ ಹಿಡಿದು, ಹಾಡುಹಗಲಲ್ಲಿ ನಿಂತರು. ಚಿತ್ರ ಮುಗಿದ ಮೇಲೆ ಏನು ಕಾಣಿಸಿತು ಎನ್ನುವುದಕ್ಕಿಂತ, ಬರೆಯುವಾಗ ಯಾರು ಕಾಣಿಸಿಕೊಂಡರು ಎನ್ನುವುದು ಇಲ್ಲಿ ಮುಖ್ಯ. ಬಿಬಿಎಂಪಿಯ ಗೋಡೆಗೂ ಈ ಗೋಡೆಗೂ ಇರುವ ವ್ಯತ್ಯಾಸ ಅದು. ಅಲ್ಲಿ ಕಲಾವಿದರಿಗೆ ಕೂಲಿ ಇತ್ತು. ಇಲ್ಲಿ ಚಿತ್ರದಲ್ಲಿರುವವರ ಕೈಯಲ್ಲೇ ಬ್ರಷ್ ಇತ್ತು.

ಹಾಗೆಂದು ಗೋಡೆಗೆ ಇಲ್ಲದ ಶಕ್ತಿ ಹೊರಿಸಬಾರದು. 36ಎ ಸೆಕ್ಷನ್‌ನ ಭಾಷೆ ಬದಲಾದದ್ದು ಹೈಕೋರ್ಟ್‌ನಲ್ಲಿ ಅದನ್ನು ಪ್ರಶ್ನಿಸಿದ ಮೇಲೆ. 2021ರಲ್ಲಿ ರಾಜ್ಯ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಬಂದದ್ದು, ದೇಶದಲ್ಲೇ ಮೊದಲು, ಅದೂ ಸಂಗಮ ಸಂಸ್ಥೆ ಹೂಡಿದ ಅರ್ಜಿಯಿಂದ. ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ ಕೂತದ್ದರ ಹಿಂದೆ ದಶಕಗಳ ಜೋಗತಿ ನೃತ್ಯದ ದುಡಿಮೆ ಇದೆ. ಗೋಡೆಯ ಚಿತ್ರ ಕಾನೂನು ಬರೆಯುವುದಿಲ್ಲ. ಯಾರ ಪರವಾಗಿ ಕಾನೂನು ಬರೆಯಬೇಕೋ ಅವರು ನೆರೆಹೊರೆಯವರು ಎಂದು ದಾರಿಹೋಕರಿಗೆ ಪರಿಚಯ ಮಾಡಿಸಬಹುದು, ಅಷ್ಟೇ.

2024ರಲ್ಲಿ ಈ ತಂಡಕ್ಕೆ ವೆನಿಸ್ ಬಿನಾಲೆಯಿಂದ ಕರೆ ಬಂತು. ಪ್ರಪಂಚದ ಅತಿ ಹಳೆಯ ಅಂತರರಾಷ್ಟ್ರೀಯ ಕಲಾ ಪ್ರದರ್ಶನಗಳಲ್ಲಿ ಅದೂ ಒಂದು, 1895ರಿಂದ ನಡೆಯುತ್ತಿದೆ. ಬೆಂಗಳೂರಿನ ಬೀದಿಯಿಂದ ಅಲ್ಲಿಗೆ ಹೋದದ್ದು ಹೆಮ್ಮೆಯೇ. ಆದರೆ ಅಲ್ಲಿ ಟಿಕೆಟ್ ಕೊಂಡವರು ಮಾತ್ರ ನೋಡುತ್ತಾರೆ. ಮಾರುಕಟ್ಟೆಯ ಗೋಡೆ ಮುಂದೆ ಸೊಪ್ಪಿನ ಮೂಟೆ ಹೊತ್ತವರೂ, ಬೀಟ್ ಪೊಲೀಸರೂ ಹಾದುಹೋಗುತ್ತಾರೆ. ಅವರು ನೋಡುವುದೇ ಹೆಚ್ಚು ಮುಖ್ಯ ಎಂದು ನನಗನಿಸುತ್ತದೆ.

ಜಿಲ್ಲೆಗಳಲ್ಲಿ ಸುದ್ದಿ ಮಾಡುವ ನಮಗೆ ಇದರಲ್ಲಿ ಒಂದು ಕೆಲಸ ಇದೆ. ಅಂಗನವಾಡಿಗೆ ಬಣ್ಣ ಬಂದಾಗ, ಸರ್ಕಾರಿ ಶಾಲೆಯ ಗೋಡೆ ರೈಲು ಬೋಗಿಯಾದಾಗ, ಪಂಚಾಯಿತಿ ಕಟ್ಟಡದ ಮೇಲೆ ಶೌಚಾಲಯದ ಘೋಷಣೆ ಬಿದ್ದಾಗ ನಾವು ಫೋಟೊ ತೆಗೆದು, "ಕಂಗೊಳಿಸುತ್ತಿದೆ" ಎಂದು ಬರೆದು ಕಳಿಸುತ್ತೇವೆ. ಇನ್ನು ಮುಂದೆ ಮೂರು ಪ್ರಶ್ನೆ ಸೇರಿಸೋಣ: ಚಿತ್ರ ಯಾವುದೆಂದು ತೀರ್ಮಾನಿಸಿದವರು ಯಾರು? ಬರೆದವರಿಗೆ ಕೂಲಿ ಸಿಕ್ಕಿತೇ? ಆ ಓಣಿಯವರನ್ನು ಗ್ರಾಮಸಭೆಯಲ್ಲಿ ಯಾರಾದರೂ ಕೇಳಿದರೇ? ಉತ್ತರ ಸಿಗದಿದ್ದರೆ, ಸಿಗಲಿಲ್ಲ ಎಂದೇ ಸುದ್ದಿಯಲ್ಲಿ ಬರೆಯೋಣ.