ನಂಬಿಕೆಯೆಂಬ ಬಂಡವಾಳ

ಉದ್ಯಮಕ್ಕೆ ಭೂಮಿ, ದುಡಿಮೆ, ಬಂಡವಾಳ ಬೇಕೆಂದು ಅರ್ಥಶಾಸ್ತ್ರ ಹೇಳುತ್ತದೆ. ಇವಕ್ಕೂ ಮುಂಚೆ, ಕೊಟ್ಟದ್ದು ಹಿಂದಿರುಗೀತೆಂಬ ನಂಬಿಕೆ ಬೇಕು. ಅದು ಹುಟ್ಟುವುದೆಲ್ಲಿ? ಜರ್ಮನಿಯ ಮ್ಯಾಕ್ಸ್ ವೇಬರ್ 1904–05ರ ಪ್ರಬಂಧದಲ್ಲಿ ಯೂರೋಪಿನ ಬಂಡವಾಳಶಾಹಿಯ ಮನೋಧರ್ಮವನ್ನು ಪ್ರಾಟೆಸ್ಟೆಂಟ್ ಶ್ರದ್ಧೆಯಲ್ಲಿ ಅರಸಿದರು. ಉದ್ಯಮಶೀಲತೆ ಕೆಲವರ ಸಂಸ್ಕಾರದಲ್ಲಿದೆ, ಕೆಲವರಲ್ಲಿಲ್ಲ ಎಂಬ ಮಾತು ಅಂದಿನಿಂದ ಸುಲಭವಾಗಿಬಿಟ್ಟಿದೆ. ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳ ಚರಿತ್ರೆ ಈ ಮಾತನ್ನು ಅರ್ಧ ಒಪ್ಪುತ್ತದೆ, ಅರ್ಧ ತಿದ್ದುತ್ತದೆ.

ಒಪ್ಪುವ ನಿದರ್ಶನ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. ದಲೈಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ಬಳಿಕ, ಅಂದಿನ ಮೈಸೂರು ರಾಜ್ಯ ಟಿಬೆಟ್ಟಿನ ನಿರಾಶ್ರಿತರಿಗೆ ಇಲ್ಲಿ ಸುಮಾರು 3,000 ಎಕರೆ ಭೂಮಿ ನೀಡಿತು. ಕಾಡು ಸವರಿ ಮುಸುಕಿನ ಜೋಳ ಬೆಳೆದವರು ಕ್ರಮೇಣ ಚಳಿಗಾಲದಲ್ಲಿ ದೂರದ ನಗರಗಳಿಗೆ ಸ್ವೆಟರ್ ಮಾರಲು ಹೊರಟರು. ಲೂಧಿಯಾನದ ಸಗಟು ವರ್ತಕರು ಸರಕನ್ನು ಸಾಲವಾಗಿ ಕೊಡುತ್ತಿದ್ದರು. ಹಣ ಸಲ್ಲುತ್ತಿದ್ದುದು ಮಾರಾಟ ಮುಗಿದ ಮೇಲೆ. ಅಡವಿಡಲು ಇವರಲ್ಲಿ ಆಸ್ತಿಯಿರಲಿಲ್ಲ. ಒಬ್ಬ ತಪ್ಪಿದರೆ ಎಲ್ಲರಿಗೂ ಬಾಗಿಲು ಮುಚ್ಚೀತೆಂಬ ಎಚ್ಚರವಿತ್ತು. ಪರಸ್ಪರ ನೆರವಿನ ಕೂಟಕ್ಕೆ ಟಿಬೆಟ್ಟಿನವರ ಹೆಸರು ‘ಕ್ಯಿದುಗ್’. ಅದರ ಅರ್ಥ ಸುಖದುಃಖ.

ತಿದ್ದುವ ನಿದರ್ಶನ ಹೊಗೆಸೊಪ್ಪಿನದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೈತರು ಜಾತಿಯಿಂದ, ಮನೆತನದಿಂದ ವರ್ತಕರಲ್ಲ. ಆದರೆ ಈ ಬೆಳೆ ಬೆಳೆದವನು ಬ್ಯಾರನ್ ಕಟ್ಟಬೇಕು, ಸೌದೆ ಕೂಡಿಡಬೇಕು, ಹಗಲಿರುಳು ಬೆಂಕಿಯ ಹದ ಕಾಯಬೇಕು. ಒಕ್ಕಲಿಗನೇ ಸಣ್ಣ ಕಾರ್ಖಾನೆಯ ಯಜಮಾನ. ಇಷ್ಟು ಸಾಹಸಕ್ಕೆ ಆತನಿಗೆ ಧೈರ್ಯ ಕೊಟ್ಟುದೇನು? 1975ರ ಕಾಯಿದೆಯಂತೆ 1976ರಲ್ಲಿ ತಂಬಾಕು ಮಂಡಳಿ ಬಂತು. 1984ರಲ್ಲಿ ಕರ್ನಾಟಕದಲ್ಲಿ ಅದರ ಹರಾಜು ಆರಂಭವಾಯಿತು. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಬೇಲುಗಳನ್ನು ಸಾಲಾಗಿ ಇಟ್ಟು ಎಲ್ಲರ ಕಣ್ಣೆದುರು ಬೆಲೆ ಕೂಗುವ ಪದ್ಧತಿ ಬಂತು. ಬೆಲೆ ಹಿಡಿಸದಿದ್ದರೆ ರೈತ ಒಲ್ಲೆನೆನ್ನಬಹುದು. ಬ್ಯಾರನ್ನಿನ ಪರವಾನಗಿ ನೋಡಿ ಬ್ಯಾಂಕು ಸಾಲ ಕೊಡುತ್ತದೆ. ಮಾರಾಟದ ಹಣದಲ್ಲಿ ಅದು ಮುರಿದುಕೊಳ್ಳುತ್ತದೆ. ಕೊಳ್ಳುವವನ ಮುಖಪರಿಚಯವೂ ಇಲ್ಲದೆ ವ್ಯವಹಾರ ನಡೆಯುತ್ತದೆ. ಬೆಲೆ ಕುಸಿದು ರೈತರೇ ಹರಾಜು ನಿಲ್ಲಿಸಿದ್ದೂ ಉಂಟು. ಆದರೂ ಅವರು ಜಗಳವಾಡುವುದು ಆ ಕಟ್ಟೆಯಲ್ಲೇ.

ನನಗೆ ತೋರುವುದಿಷ್ಟು: ನಂಬಿಕೆ ಸಂಸ್ಕಾರದಿಂದ ಬರಬಹುದು, ಇಲ್ಲದ ಕಡೆ ಅದನ್ನು ಕಟ್ಟಲೂಬಹುದು. ತಂಬಾಕಿನ ಕೇಡು ಜಗತ್ತಿಗೆ ತಿಳಿದಿದೆ. ಅದರ ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಬೆಳೆ ಬಿಡಿರೆಂದು ರೈತನಿಗೆ ಉಪದೇಶಿಸುವುದು ಸುಲಭ. ಆದರೆ ಸಾಲ, ಬೆಲೆ, ಪಾವತಿ ಮೂರನ್ನೂ ಒಂದೇ ಕೊಂಡಿಯಲ್ಲಿ ಬಿಗಿದ ಇಂಥ ವ್ಯವಸ್ಥೆ ಶುಂಠಿಗಿಲ್ಲ, ಜೋಳಕ್ಕಿಲ್ಲ. ಆತನ ಹಿಂಜರಿಕೆಯನ್ನು ಮೌಢ್ಯವೆನ್ನುವ ಮುಂಚೆ, ಬೇರೆ ಬೆಳೆಗೂ ಅಂಥದೊಂದು ಕಟ್ಟೆಯನ್ನು ಕಟ್ಟಿಕೊಡುವುದು ನ್ಯಾಯ.