ಇಂಪ್ರೆಜಾ ಮತ್ತು ಲ್ಯಾನ್ಸರ್ ಇವೊಲ್ಯೂಷನ್: ಒಂದು ಪೈಪೋಟಿಯ ಚರಿತ್ರೆ

ಲ್ಯಾನ್ಸರ್ ಎಂಬ ಕಾರಿನ ಹೆಸರು ನಿಮ್ಮಲ್ಲಿ ಅನೇಕರಿಗೆ ಪರಿಚಿತ. ಜಪಾನಿನ ಮಿತ್ಸುಬಿಷಿ ಕಂಪನಿಯ ಈ ಕಾರನ್ನು ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು 1998ರಿಂದ ಚೆನ್ನೈ ಸಮೀಪದ ತಿರುವಳ್ಳೂರಿನಲ್ಲಿ ತಯಾರಿಸತೊಡಗಿತು. ನಮ್ಮ ರಸ್ತೆಗಳಲ್ಲಿ ಸೌಮ್ಯವಾಗಿ ಸಾಗುತ್ತಿದ್ದ ಆ ಸಂಸಾರಸ್ಥರ ವಾಹನಕ್ಕೆ ಜಪಾನಿನಲ್ಲಿ ಮಹಾಶೂರನಾದ ಒಬ್ಬ ಸಹೋದರನಿದ್ದ. ಅವನೇ ಲ್ಯಾನ್ಸರ್ ಇವೊಲ್ಯೂಷನ್. ಅವನ ಸಮಬಲದ ಎದುರಾಳಿ ಸುಬಾರು ಕಂಪನಿಯ ಇಂಪ್ರೆಜಾ. ಇವೆರಡರಲ್ಲಿ ಯಾವುದು ಮೇಲು ಎಂದು ನನ್ನ ಹಳೆಯ ವಿದ್ಯಾರ್ಥಿಗಳು ವಾದಿಸುವುದನ್ನು ಕೇಳಿದ್ದೇನೆ. ನಾನು ಇವುಗಳನ್ನು ಓಡಿಸಿದವನಲ್ಲ, ಚರಿತ್ರೆಯ ಪಾಠ ಹೇಳಿದವನು. ಆದುದರಿಂದ ಇವು ಏಕೆ ಹುಟ್ಟಿದವು ಎಂಬ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

1980ರಲ್ಲಿ ಜರ್ಮನಿಯ ಆಡಿ ಕಂಪನಿಯು ಕ್ವಾಟ್ರೊ ಎಂಬ ಕಾರನ್ನು ಹೊರತಂದಿತು. ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುತ್ತಿದ್ದ ಆ ಕಾರು ಜಲ್ಲಿ, ಕೆಸರು, ಹಿಮಗಳ ಮೇಲೆ ನಡೆಯುವ ರ್‍ಯಾಲಿ ಸ್ಪರ್ಧೆಗಳ ಸ್ವರೂಪವನ್ನೇ ಬದಲಾಯಿಸಿತು. ಮುಂದೆ ‘ಗ್ರೂಪ್ ಬಿ’ ವರ್ಗದ ಕಾರುಗಳ ವೇಗ ಮಿತಿಮೀರಿತು. 1986ರ ಮೇ ತಿಂಗಳಲ್ಲಿ ಕೊರ್ಸಿಕಾ ದ್ವೀಪದ ರ್‍ಯಾಲಿಯಲ್ಲಿ ಚಾಲಕ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಮಡಿದರು. ಆ ವರ್ಷದ ಕೊನೆಗೆ ಗ್ರೂಪ್ ಬಿ ರದ್ದಾಗಿ, 1987ರಿಂದ ‘ಗ್ರೂಪ್ ಎ’ ಪ್ರಧಾನವಾಯಿತು. ಇದರ ಮುಖ್ಯ ನಿಯಮವೇನೆಂದರೆ, ಸ್ಪರ್ಧೆಗೆ ಇಳಿಸುವ ಕಾರಿನ ಮೂಲ ಮಾದರಿಯನ್ನು ಸಾವಿರಗಟ್ಟಲೆ ತಯಾರಿಸಿ ಸಾಮಾನ್ಯ ಗ್ರಾಹಕರಿಗೆ ಮಾರಬೇಕು. ಈ ನಿಯಮವೇ ನಮ್ಮ ಕಥಾನಾಯಕರಿಬ್ಬರ ಹೆತ್ತತಾಯಿ.

ಇಬ್ಬರೂ ಹುಟ್ಟಿದ್ದು 1992ರಲ್ಲಿ. ಎರಡಕ್ಕೂ ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್. ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್ 240 ಅಶ್ವಶಕ್ತಿಯದು, ಇವೊಲ್ಯೂಷನ್ 250ರದು. 1994ರ ವೇಳೆಗೆ ಸುಬಾರುವಿನ ಎಸ್‌ಟಿಐ ಮಾದರಿ 250ಕ್ಕೆ ಬಂದರೆ ಇವೊಲ್ಯೂಷನ್ 260ಕ್ಕೆ ಏರಿತ್ತು. 1995ರಲ್ಲಿ ಇವೊಲ್ಯೂಷನ್ 270 ಮುಟ್ಟಿದಾಗ ಎಸ್‌ಟಿಐ 275ಕ್ಕೆ ಹಾರಿತು. 1996ರಲ್ಲಿ ಎರಡೂ 280ಕ್ಕೆ ಬಂದು ನಿಂತವು. ಅದಕ್ಕಿಂತ ಹೆಚ್ಚಿನ ಶಕ್ತಿಯನ್ನು ಘೋಷಿಸಬಾರದೆಂಬ ಅಲಿಖಿತ ಒಪ್ಪಂದವೊಂದು ಜಪಾನಿನ ತಯಾರಕರ ನಡುವೆ 1989ರಿಂದ 2004ರವರೆಗೆ ಇತ್ತು. ಶಕ್ತಿಗೆ ಹೀಗೆ ಬೇಲಿ ಬಿದ್ದ ಮೇಲೆ ಯುದ್ಧವು ನೇರ ರಸ್ತೆಯಿಂದ ತಿರುವಿಗೆ ವರ್ಗವಾಯಿತು.

ಕಣದಲ್ಲಿ ಹಂತಿ ಕಟ್ಟಿದ್ದನ್ನು ನೋಡಿದವರಿಗೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ಮೇಟಿಯ ಪಕ್ಕದ ಎತ್ತು ನಿಧಾನವಾಗಿ ಹೆಜ್ಜೆಯಿಟ್ಟರೆ ಸಾಕು, ಹೊರ ಅಂಚಿನ ಎತ್ತು ಬಿರಬಿರನೆ ನಡೆಯಬೇಕು. ತಿರುವಿನಲ್ಲಿ ಕಾರಿನ ಒಳಚಕ್ರ, ಹೊರಚಕ್ರಗಳ ಪಾಡೂ ಅದೇ. ಈ ವ್ಯತ್ಯಾಸವನ್ನು ಸರಿದೂಗಿಸುವ ಯಂತ್ರಭಾಗವೇ ಡಿಫರೆನ್ಷಿಯಲ್.

ಸುಬಾರು ತನ್ನ ರಚನೆಯ ಸಮತೂಕವನ್ನು ನಂಬಿತು. ಅದರ ಬಾಕ್ಸರ್ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ಎಡಬಲಕ್ಕೆ ಮಲಗಿ ಎದುರುಬದುರಾಗಿ ಚಲಿಸುವುದರಿಂದ ಭಾರವು ನೆಲಕ್ಕೆ ಹತ್ತಿರವಿರುತ್ತದೆ. ಆದರೆ ಆ ಎಂಜಿನ್ ಮುಂದಿನ ಅಚ್ಚಿಗಿಂತಲೂ ಮುಂದಕ್ಕೆ ಕುಳಿತಿರುವುದರಿಂದ, ಅವಸರದಲ್ಲಿ ತಿರುವಿಗೆ ನುಗ್ಗಿದರೆ ಕಾರಿನ ಮೂತಿ ಹೊರಕ್ಕೆ ಸರಿಯುವ ಸ್ವಭಾವವುಂಟು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ಲಿನ ಬಿಗಿಯನ್ನು ಚಾಲಕನೇ ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನು ಸುಬಾರು 1994ರಲ್ಲಿಯೇ ಕೆಲವು ಮಾದರಿಗಳಿಗೆ ನೀಡಿತು. ಚಾಲಕ ಬಲ್ಲವನಾಗಿರಬೇಕೆಂಬುದು ಅದರ ನಿರೀಕ್ಷೆ.

ಮಿತ್ಸುಬಿಷಿಯ ಎಂಜಿನ್ ಅಡ್ಡಲಾಗಿ ಕುಳಿತ ನೆಟ್ಟನೆಯ ಎಂಜಿನ್. ರಚನೆಯಲ್ಲಿ ಸಿಗದ ಸಮತೂಕವನ್ನು ಅದು ಲೆಕ್ಕಾಚಾರದಿಂದ ಗಳಿಸಿತು. 1996ರ ನಾಲ್ಕನೆಯ ಇವೊಲ್ಯೂಷನ್ನಿನಲ್ಲಿ ಹಿಂದಿನ ಎರಡು ಚಕ್ರಗಳಿಗೆ ಬಲವನ್ನು ಹೆಚ್ಚುಕಡಿಮೆ ಹಂಚಿ, ಕಾರನ್ನು ತಿರುವಿನೊಳಕ್ಕೆ ತಾನೇ ಹೊರಳಿಸುವ ವಿದ್ಯುನ್ಮಾನ ವ್ಯವಸ್ಥೆ ಬಂದಿತು. 2001ರ ಏಳನೆಯದರಲ್ಲಿ ಮುಂದು-ಹಿಂದುಗಳ ನಡುವಿನ ಡಿಫರೆನ್ಷಿಯಲ್ಲೂ ಗಣಕದ ಹಿಡಿತಕ್ಕೆ ಬಂದು, ಡಾಂಬರು, ಜಲ್ಲಿ, ಹಿಮ ಎಂಬ ಮೂರು ಆಯ್ಕೆಗಳು ಚಾಲಕನ ಕೈಗೆ ದೊರೆತವು.

ಪಂದ್ಯದ ಕಣದಲ್ಲಿ ಗೆಲವು ಆ ಕಡೆಗೂ ಈ ಕಡೆಗೂ ತೂಗಾಡಿತು. 1995ರಲ್ಲಿ ಕಾಲಿನ್ ಮೆಕ್‌ರೇ ಸುಬಾರುವಿನಲ್ಲಿ ವಿಶ್ವ ಚಾಂಪಿಯನ್ ಆದರು. ತಯಾರಕರ ಪ್ರಶಸ್ತಿ 1995ರಿಂದ ಮೂರು ವರ್ಷ ಸುಬಾರುವಿನ ಪಾಲಾಯಿತು. ಇತ್ತ ಫಿನ್ಲೆಂಡಿನ ಟೊಮ್ಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ಬಾರಿ ಮಿತ್ಸುಬಿಷಿಗೆ ಚಾಲಕರ ಪಟ್ಟ ತಂದರು. 2001ರಲ್ಲಿ ರಿಚರ್ಡ್ ಬರ್ನ್ಸ್, 2003ರಲ್ಲಿ ಪೆಟ್ಟರ್ ಸೋಲ್ಬರ್ಗ್ ಅದನ್ನು ಮರಳಿ ಸುಬಾರುವಿಗೆ ಗೆದ್ದುಕೊಟ್ಟರು. ಸ್ವಾರಸ್ಯವೆಂದರೆ, 2002ರಲ್ಲಿ ಮ್ಯಾಕಿನೆನ್ ಅವರೇ ಸುಬಾರು ಪಾಳೆಯಕ್ಕೆ ಸೇರಿ, ಆ ವರ್ಷದ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದರು.

ಆದರೆ ಅಷ್ಟರಲ್ಲಿ ತಾಯಿನಿಯಮ ಸಡಿಲಗೊಂಡಿತ್ತು. 1997ರಲ್ಲಿ ಬಂದ ‘ವರ್ಲ್ಡ್ ರ್‍ಯಾಲಿ ಕಾರ್’ ನಿಯಮದ ಪ್ರಕಾರ, ಪಂದ್ಯದ ಕಾರಿನ ಅವಳಿಯನ್ನು ಅಂಗಡಿಯಲ್ಲಿ ಮಾರಬೇಕಾದ ಅಗತ್ಯವಿರಲಿಲ್ಲ. ಸುಬಾರು ಕೂಡಲೇ ಆ ಹಾದಿ ಹಿಡಿಯಿತು, ಮಿತ್ಸುಬಿಷಿ 2001ರವರೆಗೂ ಹಳೆಯ ಗ್ರೂಪ್ ಎ ನಿಯಮಕ್ಕೇ ಅಂಟಿಕೊಂಡಿತ್ತು. ಮಿತ್ಸುಬಿಷಿ 2005ರ ಕೊನೆಗೆ, ಸುಬಾರು 2008ರ ಕೊನೆಗೆ ವಿಶ್ವ ರ್‍ಯಾಲಿಯಿಂದ ಹಿಂದೆ ಸರಿದವು. 2007ರಲ್ಲಿ ಬಂದ ಹತ್ತನೆಯ ಇವೊಲ್ಯೂಷನ್ನೇ ಆ ವಂಶದ ಕೊನೆಯ ಕುಡಿ. 2016ರಲ್ಲಿ ಅದರ ತಯಾರಿಕೆ ನಿಂತಿತು. ಎದುರಾಳಿಯಿಲ್ಲದೆ ಐದು ವರ್ಷ ನಡೆದ ಎಸ್‌ಟಿಐ ಕೂಡ 2021ರ ಮಾದರಿಯೊಂದಿಗೆ ಮುಗಿಯಿತು. ಪೆಟ್ರೋಲ್ ಎಂಜಿನ್ನಿನ ಹೊಸ ಎಸ್‌ಟಿಐ ತರುವುದಿಲ್ಲವೆಂದು ಸುಬಾರು 2022ರಲ್ಲಿ ಪ್ರಕಟಿಸಿತು.

ಹಾಗಾದರೆ ಯಾವುದು ಮೇಲು? ತಿರುವಿನ ಚುರುಕುತನಕ್ಕೆ ಇವೊಲ್ಯೂಷನ್ನಿಗೆ, ಚಾಲಕನ ಜಾಣ್ಮೆಗೆ ಕೊಟ್ಟ ಗೌರವಕ್ಕೆ ಸುಬಾರುವಿಗೆ ನಾನು ಅಂಕ ಕೊಡುವೆನು. ಆದರೆ ಮೌಲ್ಯಮಾಪನ ಮಾಡಿ ಪಳಗಿದ ನನ್ನ ಕಣ್ಣಿಗೆ ಕಾಣುವುದು ಬೇರೆಯೇ. ತರಗತಿಯಲ್ಲಿ ಮೊದಲ ಸ್ಥಾನಕ್ಕೆ ಹಣಾಹಣಿ ನಡೆಸುತ್ತಿದ್ದ ಇಬ್ಬರಲ್ಲಿ ಒಬ್ಬನ ತಂದೆಗೆ ವರ್ಗವಾಗಿ ಅವನು ಊರು ಬಿಟ್ಟರೆ, ಉಳಿದವನ ಓದು ಮಂಕಾಗುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. 250ಕ್ಕೆ ಉತ್ತರವಾಗಿ 260 ಬಂದದ್ದು, 270ಕ್ಕೆ ಉತ್ತರವಾಗಿ 275 ಬಂದದ್ದು, ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತಿದ್ದುದರಿಂದ. ನಿಮ್ಮ ಮಕ್ಕಳಿಗೆ ಅಂತಹ ಒಬ್ಬ ಎದುರಾಳಿ ಸಿಕ್ಕಿದ್ದರೆ ಬೇಸರಪಡಬೇಡಿ. ಅವನನ್ನೊಮ್ಮೆ ಮನೆಗೆ ಊಟಕ್ಕೆ ಕರೆಯಿರಿ.