ದುರ್ಗ ಎಂದರೆ ಯಾವ ದುರ್ಗ?

ಜನ್ನಾಪುರದಲ್ಲಿ ಯಾರಾದರೂ ‘ನಾಳೆ ದುರ್ಗಕ್ಕೆ ಹೋಗ್ಬೇಕು’ ಎಂದರೆ ಯಾವ ದುರ್ಗ ಎಂಬ ಮರುಪ್ರಶ್ನೆ ಏಳುವುದಿಲ್ಲ. ಕೆಳದಿ ಅರಸರ ಕವಲೇದುರ್ಗ ಇದೇ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಹೊಸದುರ್ಗವೂ ತೀರಾ ದೂರದ್ದಲ್ಲ. ಆದರೂ ಬರಿಯ ‘ದುರ್ಗ’ ಎಂದರೆ ಚನ್ನಗಿರಿ, ಹೊಳಲ್ಕೆರೆ ದಾಟಿದ ಮೇಲೆ ಸಿಗುವ ಚಿತ್ರದುರ್ಗವೇ. ‘ಹೋಗಲು ಕಷ್ಟವಾದದ್ದು’ ಎಂಬ ಅರ್ಥದ ಸಂಸ್ಕೃತ ಪದವೊಂದು ಜನರ ಬಾಯಲ್ಲಿ ಒಂದೇ ಊರಿನ ಹೆಸರಾಗಿ ನಿಂತದ್ದು ಅಲ್ಲಿನ ಬಂಡೆಗಳ ದೆಸೆಯಿಂದ ಎಂಬುದು ನನ್ನ ವಾದ. ಊರಿನ ಹಳೆಯ ಹೆಸರು ಚಿತ್ರಕಲ್ದುರ್ಗ. ಇಂಗ್ಲಿಷರ ಕಡತಗಳಲ್ಲಿ ಅದು ಚಿತಲ್‌ಡ್ರೂಗ್ ಆಯಿತು. ಅಷ್ಟು ದೊಡ್ಡ ಕಲ್ಲು ಒಂದು ‘ಲ್’ಗೆ ಇಳಿಯಿತು. ನಾವಾದರೋ ಕಲ್ಲನ್ನು ಪೂರ್ತಿ ಬಿಟ್ಟೆವು, ಆಡುಮಾತಿನಲ್ಲಿ ಚಿತ್ರವನ್ನೂ ಬಿಟ್ಟೆವು. ಎದುರಿಗೇ ಎದ್ದು ನಿಂತಿರುವುದಕ್ಕೆ ವಿಶೇಷಣ ಏತಕ್ಕೆ?

ಅದು ಜಿಲ್ಲಾ ಕೇಂದ್ರ, ಕೋರ್ಟು ಕಚೇರಿಗೆಂದು ಓಡಾಡಿ ಓಡಾಡಿ ಹೆಸರು ಸವೆದಿದೆ, ಇದರಲ್ಲಿ ಬಂಡೆಯ ಪಾತ್ರವೇನು ಎಂದು ಕೇಳಬಹುದು. ಸವೆದದ್ದು ನಿಜ. ಆದರೆ ದಾವಣಗೆರೆ 1997ರವರೆಗೂ ಇದೇ ಜಿಲ್ಲೆಯಲ್ಲಿತ್ತು. ಊರೂ ದೊಡ್ಡದು, ವ್ಯಾಪಾರವೂ ದೊಡ್ಡದು. ಅಷ್ಟಾದರೂ ಜಿಲ್ಲೆಯ ಕೇಂದ್ರವಾಗಿದ್ದುದು ಬಂಡೆಗಳ ಬುಡದ ಊರೇ. ಕೋಟೆ ಇದ್ದಲ್ಲಿಗೆ ಕಚೇರಿ ಬಂತು. ಇನ್ನು ಕೋಟೆಗಳು ಎಲ್ಲೆಡೆ ಇವೆಯಲ್ಲ ಎಂಬ ಮಾತಿಗೆ ಉತ್ತರ ಮಳೆಯ ಲೆಕ್ಕದಲ್ಲಿದೆ. ಕೌಟಿಲ್ಯನ ಅರ್ಥಶಾಸ್ತ್ರ ದುರ್ಗಗಳನ್ನು ನಾಲ್ಕು ಬಗೆಯಾಗಿ ಎಣಿಸುತ್ತದೆ: ನೀರಿನದು, ಬೆಟ್ಟದ್ದು, ಮರುಭೂಮಿಯದು, ಕಾಡಿನದು. ಕವಲೇದುರ್ಗ ಬೆಟ್ಟದ್ದೂ ಹೌದು, ಕಾಡಿನದೂ ಹೌದು. ಮಲೆನಾಡಿನ ಮಳೆ, ಮರ, ಮಂಜು ಅದನ್ನು ಮುಚ್ಚಿಟ್ಟಿವೆ. ಚಿತ್ರದುರ್ಗದ ಸೀಮೆಯೂ ಮರುಭೂಮಿಯಲ್ಲ, ರಾಗಿ, ಜೋಳ, ಶೇಂಗಾ ಬೆಳೆಯುವ ನೆಲ. ಆದರೆ ಮಳೆ ಕಡಿಮೆ. ವೇದಾವತಿಗೆ ಮಾರಿಕಣಿವೆಯಲ್ಲಿ 1907ರಲ್ಲೇ ಅಣೆಕಟ್ಟು ಮುಗಿಸಬೇಕಾಗಿ ಬಂದ ಸೀಮೆ. ಇಲ್ಲಿ 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟು ಮರೆಯಿಲ್ಲದೆ ಬತ್ತಲೆ ನಿಂತಿದೆ. ಶತ್ರು ಹತ್ತಲಾರ ಎಂದು ಚಿತ್ರದುರ್ಗದ ನಾಯಕ ಅರಸರು ಆರಿಸಿಕೊಂಡ ಕಲ್ಲೇ ದಾರಿಹೋಕನಿಗೆ ದೂರದಿಂದ ದಿಕ್ಕು ತೋರಿಸಿತು. ಹೋಗಬೇಡ ಎನ್ನುವ ಪದ ಹೀಗೆ ಇತ್ತ ಬಾ ಎನ್ನುವ ಗುರುತಾಯಿತು.

ದುರ್ಗಾದೇವಿಯಿಂದ ಈ ಹೆಸರು ಬಂತೆನ್ನುವವರೂ ಉಂಟು. ಕೋಟೆಯೊಳಗೆ ಏಕನಾಥೇಶ್ವರಿ ಇದ್ದಾಳೆ, ಒಪ್ಪೋಣ. ಆದರೆ ರಾಯದುರ್ಗ, ನಂದಿದುರ್ಗ, ಸಾವನದುರ್ಗ ಎಲ್ಲವೂ ಕಲ್ಲುಗುಡ್ಡದ ಕೋಟೆಗಳೇ ಆಗಿರುವಾಗ ಇದೊಂದಕ್ಕೆ ಬೇರೆ ಮೂಲ ಹುಡುಕುವುದು ವ್ಯರ್ಥ. ತ.ರಾ.ಸು. 1982ರಲ್ಲಿ ತಮ್ಮ ಕಾದಂಬರಿಗೆ ‘ದುರ್ಗಾಸ್ತಮಾನ’ ಎಂದು ಹೆಸರಿಟ್ಟಾಗ ಯಾವ ದುರ್ಗವೆಂದು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಹೈದರಾಲಿ 1779ರಲ್ಲಿ ಕೋಟೆ ಹಿಡಿದ ಮೇಲೆ ‘ಹೋಗಲಾಗದ್ದು’ ಎಂಬ ಅರ್ಥ ಹೇಗೂ ಉಳಿಯಲಿಲ್ಲ; ಈಗಂತೂ ಬೆಂಗಳೂರು–ಪುಣೆ ಹೆದ್ದಾರಿ ಊರ ಮಗ್ಗುಲಲ್ಲೇ ಹಾದಿದೆ. ಸ್ಥಳನಾಮಗಳ ಕೋಶ ಮಾಡುವವರು ‘ದುರ್ಗ’ವನ್ನು ‘ಚಿತ್ರದುರ್ಗ ನೋಡಿ’ ಎಂದು ಮುಂದಕ್ಕೆ ತಳ್ಳಬಾರದು. ಅದಕ್ಕೆ ಅದರದೇ ನಮೂದು ಸಲ್ಲಬೇಕು.